ಹಾರ್ಟಿನ ಗೋಡೆ ದಪ್ಪ ಅಂತ ಎಕೋದಲ್ಲಿ ಬಂತು. ಎಷ್ಟು ಜನರಿಗೆ ಉಂಟು ಇದು? ಹೇಗೆ ಬದುಕುತ್ತಿದ್ದೀರಿ?

ಕಿನ್ನಿಮುಲ್ಕಿ ಅಕ್ಕ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ದಯವಿಟ್ಟು ಪೂರ್ತಿ ಓದಿ.

ನನ್ನ ತಮ್ಮನಿಗೆ 26 ವರ್ಷ. ಏಳು ವರ್ಷದಿಂದ ಅಷ್ಟಮಿಗೆ ಹುಲಿವೇಷ ಹಾಕುತ್ತಿದ್ದಾನೆ. ಕಳೆದ ವಿಟ್ಲಪಿಂಡಿಯ ದಿನ, ಅಂದರೆ ಅಷ್ಟಮಿಯ ಮರುದಿನ, ಮಧ್ಯಾಹ್ನ ಅಕ್ಕಿ ಮುಡಿಯನ್ನು (ಬೈಹುಲ್ಲಿನಲ್ಲಿ ಕಟ್ಟಿದ ಮೂಟೆ) ಹಲ್ಲಿನಲ್ಲಿ ಕಚ್ಚಿ ಎತ್ತಿ ಹಿಂದಕ್ಕೆ ಎಸೆದ. ಜನ ಬೊಬ್ಬೆ ಹೊಡೆದರು. ತಾಸೆಯ ಬಡಿತ ಇನ್ನೂ ನಿಂತಿರಲಿಲ್ಲ. ಎರಡು ಹೆಜ್ಜೆ ಹಾಕಿದ, ಹಾಗೇ ಕುಸಿದು ಬಿದ್ದ. ಹಿಂದಿನ ರಾತ್ರಿಯಿಂದ ಬಣ್ಣಕ್ಕೆ ನಿಂತಿದ್ದ. ಬಣ್ಣ ಒಣಗುವ ತನಕ ಕೋಲಿನ ಮೇಲೆ ಕೈ ಅಗಲಿಸಿ ನಿಲ್ಲಬೇಕಲ್ವಾ. ಮತ್ತೆ ಮತ್ತೆ ಮೂತ್ರಕ್ಕೆ ಹೋಗುವ ಕಷ್ಟ ಬೇಡ ಅಂತ ನೀರೂ ಸರಿಯಾಗಿ ಕುಡಿದಿರಲಿಲ್ಲ. ಅರ್ಧ ನಿಮಿಷದಲ್ಲಿ ಎಚ್ಚರ ಬಂತು. ಬಣ್ಣಕ್ಕೆ ಮೈ ಬೆವರಲಿಲ್ಲ, ಅದಕ್ಕೇ ಹೀಗಾಯಿತು ಅಂದರು ಕೆಲವರು. ಮೈಮೇಲೆ ಬಂದದ್ದು ಅಂದರು ಇನ್ನು ಕೆಲವರು. ಬಿಸಿಲಿಗೆ ಇರಬೇಕು ಅಂತ ನಾನೂ ಸುಮ್ಮನಾದೆ.

ಸಂಜೆ ಎದೆ ಹಿಡಿದ ಹಾಗೆ ಆಗುತ್ತದೆ ಅಂದ. ಹತ್ತಿರದ ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆದರು. ವೈರ್ ಅಂಟಿಸಲಿಕ್ಕೆ ಎದೆಯ ಹಳದಿ ಬಣ್ಣವನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ನಾನೇ ಉಜ್ಜಿದ್ದು. ಇಸಿಜಿ ಕೆಟ್ಟದಾಗಿ ಬಂತು. ಹಾರ್ಟ್ ಅಟ್ಯಾಕ್ ಅಂತ ನಾಲಗೆಯ ಅಡಿಗೆ ಸಾರ್ಬಿಟ್ರೇಟ್ ಇಟ್ಟರು. ಐದು ನಿಮಿಷದಲ್ಲಿ ಅವನ ಮುಖ ಬಿಳಿಚಿತು, ಬಿಪಿ ಇಳಿಯಿತು. ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಓಡಿದೆವು. ಆಂಜಿಯೋಗ್ರಾಮಿನಲ್ಲಿ ಒಂದೂ ಬ್ಲಾಕ್ ಇಲ್ಲ.

ಮರುದಿನ ಬಂದ ಡಾಕ್ಟರು ಸ್ಟೆತಾಸ್ಕೋಪ್ ಎದೆಗೆ ಇಟ್ಟುಕೊಂಡೇ ತಮ್ಮನನ್ನು ಕುಕ್ಕರುಗಾಲಲ್ಲಿ ಕೂರಿಸಿದರು. ಮತ್ತೆ ಎದ್ದು ನಿಲ್ಲಲು ಹೇಳಿದರು. ಎರಡು ಸಲ ಹಾಗೇ ಮಾಡಿಸಿ ಎಕೋಗೆ (ಹಾರ್ಟಿನ ಸ್ಕ್ಯಾನ್) ಕಳಿಸಿದರು. ಎಕೋದಲ್ಲಿ ಹೃದಯದ ನಡುಗೋಡೆ 22 ಮಿಲಿಮೀಟರ್. 12ರ ಒಳಗೆ ಇರಬೇಕಂತೆ. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ, ಎಚ್‌ಸಿಎಂ ಅಂತ ಬರೆದುಕೊಟ್ಟರು.

ಇದು ಎಷ್ಟು ಜನರಿಗೆ ಇರುತ್ತದೆ? ಅವನು ಎಷ್ಟು ವರ್ಷ ಬದುಕುತ್ತಾನೆ? ಮದುವೆ ಮಾತುಕತೆಯೂ ನಡೆಯುತ್ತಿತ್ತು. ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿಲ್ಲ. ಗೊತ್ತಿದ್ದವರು ಹೇಳಿ.

ಸುರತ್ಕಲ್ ನರ್ಸ್

ಅಕ್ಕ, ಮೊದಲು ಧೈರ್ಯ ತೆಗೆದುಕೊಳ್ಳಿ. ನಾನು ಹಾರ್ಟ್ ವಾರ್ಡಿನಲ್ಲಿ 14 ವರ್ಷ ಕೆಲಸ ಮಾಡಿದವಳು. ನೀವು ಬರೆದದ್ದು ಓದುವಾಗ ಎದೆ ಧಸಕ್ ಅಂತು. ಯಾಕೆಂದರೆ ಎಲ್ಲವೂ ಒಂದೇ ಕಡೆಗೆ ಕೈ ತೋರಿಸುತ್ತದೆ.

ಈ ಕಾಯಿಲೆಯಲ್ಲಿ ಎಡಗಡೆ ಕೆಳಗಿನ ಕೋಣೆಯಿಂದ ರಕ್ತ ಹೊರಗೆ ಹೋಗುವ ದಾರಿಯ ಪಕ್ಕದಲ್ಲೇ ಗೋಡೆ ದಪ್ಪ ಆಗಿರುತ್ತದೆ. ಕೋಣೆ ರಕ್ತದಿಂದ ತುಂಬಿದ್ದರೆ ದಾರಿ ತಕ್ಕಮಟ್ಟಿಗೆ ತೆರೆದಿರುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ ಕೋಣೆ ಸಣ್ಣದಾಗುತ್ತದೆ. ಆಗ ಮೈಟ್ರಲ್ ವಾಲ್ವಿನ ರೆಕ್ಕೆ ಬಂದು ದಾರಿಗೆ ಅಡ್ಡ ಕೂರುತ್ತದೆ. ಉಸಿರು ಬಿಗಿಹಿಡಿದು ಮುಕ್ಕಿದರೂ ಹಾಗೇ. ನಿಮ್ಮ ತಮ್ಮ ನೀರು ಕುಡಿದಿಲ್ಲ, ಬಿಸಿಲಲ್ಲಿ ಕುಣಿದಿದ್ದಾನೆ, ಮೇಲಿಂದ ಹಲ್ಲಿನಲ್ಲಿ ಮುಡಿ ಎತ್ತಿದ್ದಾನೆ. ಮೂರೂ ಸೇರಿತು ನೋಡಿ.

ಕುಕ್ಕರುಗಾಲಲ್ಲಿ ಕೂತರೆ ಕಾಲಿನ ರಕ್ತ ಹಾರ್ಟಿಗೆ ಬರುತ್ತದೆ, ಸ್ಟೆತಾಸ್ಕೋಪಿನಲ್ಲಿ ಕೇಳುವ ಮರ್ಮರ ಶಬ್ದ ಕಡಿಮೆಯಾಗುತ್ತದೆ. ನಿಂತರೆ ಜಾಸ್ತಿಯಾಗುತ್ತದೆ. ಡಾಕ್ಟರು ಕಿವಿಯಲ್ಲೇ ಅರ್ಧ ಹಿಡಿದಿದ್ದಾರೆ.

ಸಾರ್ಬಿಟ್ರೇಟ್ ವಿಷಯ. ಅದು ರಕ್ತನಾಳ ಸಡಿಲ ಮಾಡುವ ಮಾತ್ರೆ. ಬ್ಲಾಕ್ ಇದ್ದವರಿಗೆ ಒಳ್ಳೆಯದೇ. ಆದರೆ ಇವರಿಗೆ ಕೋಣೆ ಇನ್ನೂ ಸಣ್ಣದಾಗಿ ದಾರಿ ಮುಚ್ಚುತ್ತದೆ. ಕ್ಲಿನಿಕ್ಕಿನವರನ್ನು ಬೈಯುವುದಕ್ಕೆ ಹೇಳಿದ್ದಲ್ಲ. ಎಚ್‌ಸಿಎಂನ ಇಸಿಜಿ ಅಟ್ಯಾಕ್ ಹಾಗೇ ಕಾಣುವುದು ಉಂಟು. ಎಕೋ ಇಲ್ಲದ ಕಡೆ ಹೇಳುವುದು ಕಷ್ಟ. ಇನ್ನು ಮುಂದೆ ಮಾತ್ರ ಒಂದು ಚೀಟಿ ಬರೆದು ಅವನ ಪರ್ಸಿನಲ್ಲಿ ಇಡಿ: ‘ನನಗೆ ಎಚ್‌ಸಿಎಂ ಇದೆ, ದಾರಿಗೆ ಅಡ್ಡ ಉಂಟು, ಸಾರ್ಬಿಟ್ರೇಟ್ ಕೊಡಬೇಡಿ.’ ಬಿಪಿಗೆ ಕೊಡುವ ಆಮ್ಲೋಡಿಪಿನ್ ಥರದ ಮಾತ್ರೆಗಳನ್ನೂ ಕೇಳದೆ ಶುರು ಮಾಡಬಾರದು. ತಲೆ ತಿರುಗಿದರೆ ಮಲಗಿಸಿ ಕಾಲು ಎತ್ತಿ ಹಿಡಿಯಿರಿ.

ಲೆಕ್ಕದ ಮೇಷ್ಟ್ರು

ನನಗೆ ಈಗ 63. ಎಚ್‌ಸಿಎಂ ಅಂತ ಗೊತ್ತಾದದ್ದು 2009ರಲ್ಲಿ. ಅಕ್ಕ ಕೇಳಿದ ಎರಡು ಪ್ರಶ್ನೆಯನ್ನೇ ನಾನೂ ಆಗ ಕೇಳಿದ್ದೆ. ಉತ್ತರ ಹುಡುಕುತ್ತಾ ಹುಡುಕುತ್ತಾ ವರ್ಷಗಳೇ ಹೋದವು.

ಎಷ್ಟು ಜನರಿಗೆ? ಎಲ್ಲರೂ ಹೇಳುವ ಲೆಕ್ಕ ಅಮೆರಿಕದ್ದು. 1995ರಲ್ಲಿ ಪ್ರಕಟವಾಯಿತು. 23ರಿಂದ 35 ವರ್ಷದ 4,111 ಜನರಿಗೆ ಎಕೋ ಮಾಡಿದರು. ಕಾಯಿಲೆ ಅಂತ ಆಸ್ಪತ್ರೆಗೆ ಬಂದವರಲ್ಲ, ಊರಿನ ಸಾಮಾನ್ಯ ಜನ. ಏಳು ಜನರಲ್ಲಿ ಸಿಕ್ಕಿತು. ಅದರಿಂದಲೇ 500ಕ್ಕೆ ಒಬ್ಬರು ಅನ್ನುವ ಮಾತು ಬಂದದ್ದು. ಚೀನಾದಲ್ಲಿ 8,080 ಜನರನ್ನು ನೋಡಿದಾಗಲೂ ಹೆಚ್ಚುಕಡಿಮೆ ಇದೇ ಲೆಕ್ಕ ಬಂತು. 2015ರಲ್ಲಿ ಇನ್ನೊಂದು ಅಂದಾಜು ಬಂತು. ಗೋಡೆ ಇನ್ನೂ ದಪ್ಪ ಆಗದೆ ಜೀನ್ ಮಾತ್ರ ಇರುವವರನ್ನೂ ಸೇರಿಸಿದರೆ 200ಕ್ಕೆ ಒಬ್ಬರು ಇರಬಹುದು ಅಂತ.

500ಕ್ಕೆ ಒಬ್ಬರು ಅಂತಲೇ ಇಟ್ಟುಕೊಳ್ಳಿ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಗೆ 11.77 ಲಕ್ಷ ಜನ, ದಕ್ಷಿಣ ಕನ್ನಡಕ್ಕೆ 20.9 ಲಕ್ಷ. ಆ ಲೆಕ್ಕ ನಮಗೂ ಹೊಂದುವುದಾದರೆ ಎರಡು ಜಿಲ್ಲೆ ಸೇರಿ ಆರು ಸಾವಿರದ ಮೇಲೆ. ಒಂದು ದೊಡ್ಡ ಹೈಸ್ಕೂಲಿಗೆ ಒಬ್ಬರು. ನಾನು 31 ವರ್ಷ ಪಾಠ ಮಾಡಿದವ. ನನ್ನ ಮುಂದೆ ಕೂತು ಹೋದ ಮಕ್ಕಳಲ್ಲಿ ಎಷ್ಟು ಜನರಿಗೆ ಇತ್ತೋ ಅಂತ ಕೆಲವು ರಾತ್ರಿ ಯೋಚನೆ ಬರುತ್ತದೆ.

ಎಷ್ಟು ವರ್ಷ ಬದುಕುತ್ತಾರೆ? ಹಳೆಯ ಪುಸ್ತಕ ಓದಬೇಡಿ. ಅವುಗಳಲ್ಲಿ ವರ್ಷಕ್ಕೆ ನೂರರಲ್ಲಿ ನಾಲ್ಕರಿಂದ ಆರು ಜನ ಸಾಯುತ್ತಾರೆ ಅಂತ ಇರುತ್ತದೆ. ನಾನು ಅದನ್ನೇ ಓದಿ ಒಂದು ವರ್ಷ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಆ ಲೆಕ್ಕ ಬಂದದ್ದು ಕೆಲವೇ ದೊಡ್ಡ ಆಸ್ಪತ್ರೆಗಳಿಂದ. ತೀರಾ ಹೆಚ್ಚಾದವರು ಮಾತ್ರ ಅಲ್ಲಿಗೆ ಹೋಗುತ್ತಿದ್ದರು. ಮಲ್ಪೆ ದಕ್ಕೆಯಲ್ಲಿ (ಬಂದರು) ರಿಪೇರಿಗೆ ನಿಂತ ಬೋಟು ಮಾತ್ರ ನೋಡಿದವ, ಕಡಲಿಗೆ ಹೋದ ಬೋಟೆಲ್ಲ ಹೀಗೇ ಅಂದರೆ ಆಗುತ್ತದಾ? ಆಮೇಲೆ ಊರಿನ ರೋಗಿಗಳನ್ನೂ ಸೇರಿಸಿ ನೋಡಿದಾಗ ವರ್ಷಕ್ಕೆ ನೂರರಲ್ಲಿ ಒಬ್ಬರ ಹತ್ತಿರಕ್ಕೆ ಇಳಿಯಿತು. ಈಗಿನ ಚಿಕಿತ್ಸೆಯಲ್ಲಿ ಇನ್ನೂ ಕಡಿಮೆ. ತುಂಬಾ ಜನ ಪೂರ್ತಿ ಆಯಸ್ಸು ಬದುಕುತ್ತಾರೆ. ಕೆಲವರಿಗೆ ಇದೆ ಅಂತಲೇ ಕೊನೆಯ ತನಕ ಗೊತ್ತಾಗುವುದಿಲ್ಲ.

ಆದರೆ ಅಪಾಯ ಇಲ್ಲ ಅಂತ ಹೇಳುವುದಿಲ್ಲ. ನನ್ನ ಗೋಡೆ 31 ಮಿಲಿಮೀಟರ್. 30 ದಾಟಿದವರಿಗೆ, ಕಾರಣ ಗೊತ್ತಾಗದೆ ಪ್ರಜ್ಞೆ ತಪ್ಪಿದವರಿಗೆ, ಮನೆಯಲ್ಲಿ ಸಣ್ಣ ವಯಸ್ಸಿನಲ್ಲಿ ಹಠಾತ್ ಸತ್ತವರಿದ್ದರೆ ಐಸಿಡಿ, ಅಂದರೆ ಬಡಿತ ಕೆಟ್ಟರೆ ಒಳಗಿಂದಲೇ ಶಾಕ್ ಕೊಡುವ ಯಂತ್ರದ ಬಗ್ಗೆ ಯೋಚಿಸುತ್ತಾರೆ. ನನಗೆ 2016ರಲ್ಲಿ ಹಾಕಿದರು. ಎಡ ಭುಜದ ಕೆಳಗೆ ಚರ್ಮದ ಅಡಿ ಒಂದು ಸಣ್ಣ ಡಬ್ಬಿ. 2019ರಲ್ಲಿ ಒಂದು ಸಲ ಶಾಕ್ ಕೊಟ್ಟಿದೆ. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಕಿನ್ನಿಗೋಳಿ ಬಸ್ಸಿಗೆ ಕಾಯುತ್ತಿದ್ದೆ. ಕಣ್ಣು ಕತ್ತಲೆ ಬಂತು. ಆಮೇಲೆ ಎದೆಗೆ ಕುದುರೆ ಒದ್ದ ಹಾಗೆ. ಕೈಯಲ್ಲಿದ್ದ ಮಲ್ಲಿಗೆ ಚೆಂಡು ನೆಲದಲ್ಲಿ. ಹೂವಿನವಳು ಓಡಿ ಬಂದು ನನ್ನ ತಲೆಯನ್ನು ಅವಳ ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಚೆಕ್ ಮಾಡಿದಾಗ ಡಬ್ಬಿಯೊಳಗೆ ಎಲ್ಲ ದಾಖಲೆ ಇತ್ತು. ಆ ದಿನ ಅದು ಇಲ್ಲದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಪಣಂಬೂರು 77

ಇದೆಲ್ಲ ಕೋವಿಡ್ ಇಂಜೆಕ್ಷನ್ನಿನಿಂದ ಶುರುವಾದದ್ದಲ್ವಾ? ಪುನೀತ್ ಹೋದ ಮೇಲೆ ನನಗೆ ಅದೇ ಸಂಶಯ.

ಸುರತ್ಕಲ್ ನರ್ಸ್

ಅಲ್ಲ ಅಣ್ಣ. ಎಚ್‌ಸಿಎಂ ಬಗ್ಗೆ ಲಂಡನ್ನಿನ ಡೊನಾಲ್ಡ್ ಟಿಯರ್ ಅನ್ನುವ ಪೆಥಾಲಜಿಸ್ಟ್ ಬರೆದದ್ದು 1958ರಲ್ಲಿ. ನಮ್ಮ ಐಸಿಎಂಆರ್‌ನವರು (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 18ರಿಂದ 45 ವರ್ಷದವರ ಹಠಾತ್ ಸಾವನ್ನು 47 ಆಸ್ಪತ್ರೆಗಳಲ್ಲಿ ನೋಡಿ 2023ರಲ್ಲಿ ಬರೆದರು. ಲಸಿಕೆಯಿಂದ ಅಪಾಯ ಹೆಚ್ಚಿಲ್ಲ ಅಂತ ಬಂತು. ಹೆಚ್ಚಾಗಿ ಕಂಡದ್ದು ಯಾವುದು ಗೊತ್ತಾ? ಕೋವಿಡ್ ಬಂದು ಆಸ್ಪತ್ರೆಯಲ್ಲಿ ಮಲಗಿದ್ದು, ಒಮ್ಮೆಗೇ ಜಾಸ್ತಿ ಕುಡಿಯುವುದು, ಮತ್ತೆ ಮನೆಯಲ್ಲಿ ಮೊದಲೇ ಹಠಾತ್ ಸತ್ತವರು ಇರುವುದು. ಕೊನೆಯದನ್ನು ಇಲ್ಲಿ ಎಲ್ಲರೂ ಗಮನಿಸಬೇಕು.

ಮಲ್ಪೆ ತಾಂಡೇಲ

ನನ್ನ ಕಾಯಿಲೆ ಬೇರೆ ಥರದ್ದು. ಗೋಡೆ ದಪ್ಪ ಅಲ್ಲ, ಹಾರ್ಟ್ ಉಬ್ಬಿ ತೆಳು ಆಗುವುದು. ಡೈಲೇಟೆಡ್ ಅನ್ನುತ್ತಾರೆ. 2018ರಲ್ಲಿ ಪಂಪಿಂಗ್, ಅಂದರೆ ಪ್ರತಿ ಬಡಿತಕ್ಕೆ ಹಾರ್ಟ್ ಹೊರಗೆ ತಳ್ಳುವ ರಕ್ತ, ನೂರಕ್ಕೆ 22. ಸರಿ ಇದ್ದವರಿಗೆ 55ರ ಮೇಲೆ ಇರಬೇಕು. ಬಲೆ ಎಳೆಯುವಾಗ ಉಸಿರು ಸಿಗುತ್ತಿರಲಿಲ್ಲ. ರಾತ್ರಿ ಬೋಟಿನಲ್ಲಿ ಕೂತೇ ನಿದ್ದೆ. ಹತ್ತು ವರ್ಷ ದಿನಾ ಕುಡಿದದ್ದು ಕಾರಣ ಅಂದರು. ನನ್ನ ಕೇಸಿನಲ್ಲಿ ಅದು ಸತ್ಯ. ಬಿಟ್ಟೆ. ನಾಲ್ಕು ಥರದ ಮಾತ್ರೆ ಕೊಟ್ಟರು. ಎರಡು ವರ್ಷದಲ್ಲಿ ಪಂಪಿಂಗ್ 52ಕ್ಕೆ ಬಂತು.

ಆಗ ನಾನು ದೊಡ್ಡ ತಪ್ಪು ಮಾಡಿದೆ. ಸರಿಯಾಯಿತಲ್ಲ ಅಂತ ಮಾತ್ರೆ ನಿಲ್ಲಿಸಿದೆ. ಎಂಟು ತಿಂಗಳಲ್ಲಿ 34. ಕಾಲು ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಡಾಕ್ಟರು ಬೈಯಲಿಲ್ಲ. ಲಂಡನ್ನಿನಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ ಅಂದರು. ನನ್ನ ಹಾಗೆ ಗುಣವಾದ 51 ಜನ. 2018ರಲ್ಲಿ ಅದರ ಫಲಿತಾಂಶ ಬಂದದ್ದು. ಮಾತ್ರೆ ನಿಲ್ಲಿಸಿದವರಲ್ಲಿ ಆರು ತಿಂಗಳೊಳಗೆ ನೂರಕ್ಕೆ 44 ಜನರಿಗೆ ತಿರುಗಿ ಬಂತಂತೆ. ಈಗ ಕಡಲಿಗೆ ಹೋಗುವಾಗ ಮಾತ್ರೆಯನ್ನು ಡಬಲ್ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಜಿಪಿಎಸ್ ಹತ್ತಿರ ಇಡುತ್ತೇನೆ. ಬಲೆ ಎಳೆಯುವುದಿಲ್ಲ, ಸ್ಟಿಯರಿಂಗ್ ಮಾತ್ರ.

ಕಾರ್ಕಳದ ಅಮ್ಮ

ಹೆಂಗಸರಿಗಾಗಿ ನಾನೂ ಒಂದು ಬರೆಯುತ್ತೇನೆ. ಹೆರಿಗೆಯಾಗಿ ಐದನೇ ವಾರ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಮೂರು ದಿಂಬು ಇಟ್ಟು ಗೋಡೆಗೆ ಒರಗಿ ಮಗುವಿಗೆ ಹಾಲು ಕೊಡುತ್ತಿದ್ದೆ. ಕಾಲು ಊದಿತ್ತು. ಬಾಣಂತಿ ಸುಸ್ತು, ಬಾಣಂತಿ ನೀರು ಅಂದರು ಎಲ್ಲರೂ. ಬಿಸಿನೀರು ಹಾಕಿ ಹಾಕಿ ಮೀಯಿಸಿದರು. ಕೊನೆಗೆ ಅಕ್ಕನ ಗಂಡ ಹಠ ಹಿಡಿದು ಮಣಿಪಾಲಕ್ಕೆ ಕರೆದುಕೊಂಡು ಹೋದರು. ಪಂಪಿಂಗ್ 30. ಪೆರಿಪಾರ್ಟಮ್ ಕಾರ್ಡಿಯೋಮಯೋಪತಿ. ಬಸಿರಿನ ಕೊನೆಯ ತಿಂಗಳಿಂದ ಹೆರಿಗೆಯಾಗಿ ಐದು ತಿಂಗಳೊಳಗೆ ಬರುವಂಥದ್ದು.

ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಪಂಪಿಂಗ್ ಪೂರ್ತಿ ವಾಪಸು ಬರುತ್ತದೆ. ನನಗೆ ಒಂಬತ್ತು ತಿಂಗಳಲ್ಲಿ 55 ಬಂತು. ಎರಡನೇ ಮಗು ಕೇಳಿದೆ. ಗುಣವಾದವರಲ್ಲೂ ಸುಮಾರು ಐದರಲ್ಲಿ ಒಬ್ಬರಿಗೆ ಮುಂದಿನ ಬಸಿರಿನಲ್ಲಿ ಮತ್ತೆ ಆಗುತ್ತದೆ, ಗುಣವಾಗದವರಿಗಂತೂ ಬೇಡವೇ ಬೇಡ ಅಂದರು. ನಾವು ಒಂದಕ್ಕೇ ನಿಲ್ಲಿಸಿದೆವು. ಮಗಳಿಗೆ ಈಗ ಆರು ವರ್ಷ.

ಬಾಣಂತಿ ಮಲಗಲಿಕ್ಕೆ ಆಗುವುದಿಲ್ಲ ಅಂದರೆ ದಯವಿಟ್ಟು ದಿಂಬು ಕೊಟ್ಟು ಸುಮ್ಮನಿರಬೇಡಿ. ಎಕೋ ಮಾಡಿಸಿ.

ಪಡುಬಿದ್ರಿ ಹುಡುಗ

ನಮ್ಮ ದೇಶದವರಲ್ಲಿ ನೂರಕ್ಕೆ ನಾಲ್ಕು ಜನರಿಗೆ ಹಾರ್ಟಿನ ಕೆಟ್ಟ ಜೀನ್ ಇದೆ ಅಂತ ಓದಿದೆ. ಹಾಗಾದರೆ 500ಕ್ಕೆ ಒಬ್ಬರು ಹೇಗಾಯಿತು? ಲೆಕ್ಕ ತಾಳೆಯಾಗುವುದಿಲ್ಲ.

ಕೊಣಾಜೆ ಬಯಾಲಜಿ

ಒಳ್ಳೆಯ ಪ್ರಶ್ನೆ. ಅದು 2009ರ ಸಂಶೋಧನೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ತಂಗರಾಜ್ ಅವರ ತಂಡ ಅದರಲ್ಲಿತ್ತು. ಎಂವೈಬಿಪಿಸಿ3 ಅನ್ನುವ ಜೀನಿನಲ್ಲಿ 25 ಡಿಎನ್‌ಎ ಅಕ್ಷರ ಬಿಟ್ಟುಹೋಗಿರುತ್ತದೆ. ನಮ್ಮ ಉಪಖಂಡದಲ್ಲಿ ಸುಮಾರು 4 ಪರ್ಸೆಂಟ್ ಜನರಲ್ಲಿ ಉಂಟು. ಪೇಪರಿನಲ್ಲಿ ಬಂದಾಗ ಜನ ತುಂಬಾ ಹೆದರಿದರು. ಆದರೆ ಆಮೇಲಿನ ಅಧ್ಯಯನಗಳಲ್ಲಿ ವಿಷಯ ಬದಲಾಯಿತು. ಆ 25 ಅಕ್ಷರದ ಕೊರತೆ ಒಂದೇ ಇದ್ದರೆ ಅಷ್ಟು ದೊಡ್ಡ ಅಪಾಯ ಕಾಣುವುದಿಲ್ಲ. ಅದೇ ಎಳೆಯ ಮೇಲೆ ಜೊತೆಗೆ ಇನ್ನೊಂದು ದೋಷ ಕೆಲವರಲ್ಲಿ ಮಾತ್ರ ಇರುತ್ತದೆ. ಕಾಯಿಲೆಗೆ ಮುಖ್ಯ ಕಾರಣ ಅದು. ಆದ್ದರಿಂದ ಲ್ಯಾಬ್ ರಿಪೋರ್ಟಿನಲ್ಲಿ ಆ 25 ಅಕ್ಷರದ್ದು ಕಂಡರೆ ಕಾಯಿಲೆ ಬಂತು ಅಂತ ಅಲ್ಲ.

ಇಲ್ಲಿಯದ್ದೇ ಒಂದು ನೆನಪು ಹೇಳಬೇಕು. ಹೃದಯದ ಒಳಪದರ ಗಟ್ಟಿಯಾಗುವ ಇಎಂಎಫ್ ಅನ್ನುವ ಕಾಯಿಲೆ ಒಂದು ಕಾಲದಲ್ಲಿ ಕೇರಳದ ಬಡ ಮಕ್ಕಳನ್ನು ತುಂಬಾ ತಿಂದಿತ್ತು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಅದಕ್ಕೆ ಆಪರೇಷನ್ ಮಾಡುತ್ತಾ, ಅಲ್ಲಿಯ ಕಡಲತೀರದ ಮೊನಜೈಟ್ ಮರಳಿನಲ್ಲಿರುವ ಸೀರಿಯಮ್ ಲೋಹ ಕಾರಣವೋ ಅಂತ ಹುಡುಕಿದವರು ಡಾ. ಎಂ. ಎಸ್. ವಲಿಯತ್ತಾನ್. ಮುಂದೆ ಮಣಿಪಾಲದ ಕುಲಪತಿಯಾಗಿ ಬಂದವರೂ ಅವರೇ. ಆ ಕಾಯಿಲೆ ಈಗ ಅಲ್ಲೂ ತುಂಬಾ ಕಡಿಮೆಯಾಗಿದೆ.

ಅಜ್ಜರಕಾಡು

ಕಿನ್ನಿಮುಲ್ಕಿ ಅಕ್ಕ, ಒಂದು ಕೇಳುತ್ತೇನೆ, ಬೇಜಾರು ಮಾಡಬೇಡಿ. ಡಾಕ್ಟರು ‘ಕುಟುಂಬದಲ್ಲಿ ಯಾರಿಗಾದರೂ ಉಂಟಾ’ ಅಂತ ಕೇಳಿದಾಗ ನೀವು ಯಾರ ವಿಷಯ ಹೇಳಿದಿರಿ? ಅಳಿಯ ಸಂತಾನದ ನಮಗೆ ಕುಟುಂಬ ಅಂದರೆ ತಾಯಿ ಕಡೆ. ಮಾವಂದಿರು, ಅಜ್ಜಿ, ದೊಡ್ಡಮ್ಮ. ಅಪ್ಪನದ್ದು ಬೇರೆ ಬರಿ (ವಂಶ). ನಮ್ಮ ಮನೆಯಲ್ಲೂ ಇದೇ ಆಯಿತು. ಜೀನಿಗೆ ಬರಿ ಗೊತ್ತಿಲ್ಲ. ತಂದೆಯಿಂದಲೂ ಬರುತ್ತದೆ, ತಾಯಿಯಿಂದಲೂ ಬರುತ್ತದೆ. ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ.

ಕಿನ್ನಿಮುಲ್ಕಿ ಅಕ್ಕ

ನಿಮ್ಮ ಮಾತು ಓದಿ ಕೈ ನಡುಗಿತು. ನಾವು ಹೇಳಿದ್ದು ಅಮ್ಮನ ಕಡೆಯದ್ದು ಮಾತ್ರ. ರಾತ್ರಿ ಅಪ್ಪನ ಹತ್ತಿರ ಕೂತು ಕೇಳಿದೆ. ಅಪ್ಪನ ತಮ್ಮ 1994ರಲ್ಲಿ ಗದ್ದೆಯಲ್ಲಿ ಬಿದ್ದು ತೀರಿಹೋದದ್ದು. 38 ವರ್ಷ. ಹಾವು ಕಚ್ಚಿದ್ದು ಅಂತ ಇಷ್ಟು ದಿನ ಕೇಳಿದ್ದೆವು. ಕಾಲಲ್ಲಿ ಗಾಯ ಇತ್ತಾ ಅಂದೆ. ಅಪ್ಪ ತುಂಬಾ ಹೊತ್ತು ಸುಮ್ಮನಿದ್ದರು. ‘ಗಾಯ ಯಾರೂ ನೋಡಲಿಲ್ಲ’ ಅಂದರು.

ಲೆಕ್ಕದ ಮೇಷ್ಟ್ರು

ಅಪ್ಪನಿಗೆ ನಾಳೆಯೇ ಎಕೋ ಮಾಡಿಸಿ. ನಿಮಗೂ. ಚಿಕ್ಕಪ್ಪನ ವಿಷಯ ಡಾಕ್ಟರಿಗೆ ಮೊದಲು ಹೇಳಿ, ಐಸಿಡಿ ನಿರ್ಧಾರಕ್ಕೆ ಅದು ಮುಖ್ಯ. ಅಪ್ಪನಿಗೆ ಬಂದರೆ ಅವರ ಅಕ್ಕತಂಗಿ, ಅಣ್ಣತಮ್ಮ, ಅವರ ಮಕ್ಕಳೂ. ಈಗ ಸರಿ ಇದ್ದರೂ ಒಂದು ಸಲಕ್ಕೆ ಮುಗಿಯುವುದಿಲ್ಲ. ಮಕ್ಕಳಿಗೆ ಒಂದೆರಡು ವರ್ಷಕ್ಕೊಮ್ಮೆ, ದೊಡ್ಡವರಿಗೆ ಮೂರರಿಂದ ಐದು ವರ್ಷಕ್ಕೊಮ್ಮೆ ನೋಡಬೇಕು. ರೇಷನ್ ಕಾರ್ಡ್ ತೆಗೆದುಕೊಂಡು ಹೋಗಿ. ಆಸ್ಪತ್ರೆಯ ಆರೋಗ್ಯ ಮಿತ್ರ ಕೌಂಟರಿನಲ್ಲಿ ಯಾವುದಕ್ಕೆ ಸರಕಾರದ ಸಹಾಯ ಸಿಗುತ್ತದೆ ಅಂತ ಮೊದಲೇ ಕೇಳಿ.

ಮೂಲ್ಕಿ ಅಪ್ಪ

ನನ್ನ ಮಗನಿಗೆ 17. ವಾಲಿಬಾಲ್ ಜೀವ. ಎಚ್‌ಸಿಎಂ ಅಂತ ಬಂದ ಮೇಲೆ ಶಾಲೆಯವರು ಮೈದಾನಕ್ಕೇ ಬಿಡುವುದಿಲ್ಲ. ಹುಡುಗ ರೂಮಿನಿಂದ ಹೊರಗೆ ಬರುವುದಿಲ್ಲ. ಜೀವಮಾನ ಪೂರ್ತಿ ಹೀಗೇನಾ?

ಸುರತ್ಕಲ್ ನರ್ಸ್

ಅಣ್ಣ, ಹಿಂದೆ ಎಲ್ಲರಿಗೂ ಆಟ ಬಂದ್ ಅನ್ನುತ್ತಿದ್ದರು. 2003ರಲ್ಲಿ ಕ್ಯಾಮರೂನಿನ ಫುಟ್‌ಬಾಲ್ ಆಟಗಾರ ಮಾರ್ಕ್ ವಿವಿಯನ್ ಫೋ ಮೈದಾನದಲ್ಲೇ ಬಿದ್ದು ತೀರಿಹೋದಾಗ ಸಿಕ್ಕಿದ್ದು ಇದೇ ಕಾಯಿಲೆ. ಆ ಹೆದರಿಕೆ ಸುಮ್ನೆ ಬಂದದ್ದಲ್ಲ. ಆದರೆ 2023ರಲ್ಲಿ 1,660 ಜನರನ್ನು ಸುಮಾರು ಮೂರು ವರ್ಷ ಹಿಂಬಾಲಿಸಿದ ಅಧ್ಯಯನ ಬಂತು. ಜೋರು ವ್ಯಾಯಾಮ ಮಾಡಿದವರಿಗೆ, ಮಿತವಾಗಿ ಮಾಡಿದವರಿಗಿಂತ ಹೆಚ್ಚು ಅಪಾಯ ಕಾಣಲಿಲ್ಲ. ಅವರೆಲ್ಲ ಅನುಭವಿ ಡಾಕ್ಟರ ಕಣ್ಣಿನಡಿ ಇದ್ದವರು, ಅದನ್ನು ಮರೆಯಬಾರದು. ಈಗ ನಡಿಗೆ, ಈಜು ಥರದ ಮಿತವಾದ ವ್ಯಾಯಾಮ ಒಳ್ಳೆಯದು ಅಂತಲೇ ಹೇಳುತ್ತಾರೆ. ಸ್ಪರ್ಧೆಯ ಆಟಕ್ಕೆ ಎಚ್‌ಸಿಎಂ ಚೆನ್ನಾಗಿ ಗೊತ್ತಿರುವ ಡಾಕ್ಟರ ಹತ್ತಿರ ಹುಡುಗನನ್ನೂ ಕೂರಿಸಿ ಮಾತಾಡಿ. ಅವನನ್ನು ಬಿಟ್ಟು ನಿರ್ಧಾರ ಮಾಡಬೇಡಿ. ಮೈದಾನಕ್ಕೆ ಹೋದರೆ ನೀರಿನ ಬಾಟಲಿ ಕೈಯಲ್ಲೇ ಇರಲಿ. ಹೊರಗಿಂದ ಶಾಕ್ ಕೊಡುವ ಎಇಡಿ ಯಂತ್ರ ಮತ್ತು ಎದೆ ಒತ್ತಲು ಗೊತ್ತಿರುವ ಒಬ್ಬರು ಅಲ್ಲಿ ಇರಬೇಕು ಅಂತ ಶಾಲೆಗೆ ಹೇಳಿ.

ಕಿನ್ನಿಮುಲ್ಕಿ ಅಕ್ಕ

ಮೂರು ವಾರ ಆಯಿತು, ಹೇಳುತ್ತೇನೆ.

ಅಪ್ಪನ ಗೋಡೆ 17. ಅಪ್ಪನಿಗೆ 71 ವರ್ಷ. ಮುಂಬಯಿಯ ಹೋಟೆಲಿನಲ್ಲಿ 20 ವರ್ಷ ನಿಂತು ದುಡಿದವರು. ಈಗಲೂ ಎರಡು ಕೊಡಪಾನ ನೀರು ಬಾವಿಯಿಂದ ತರುತ್ತಾರೆ. ಒಂದು ದಿನ ಎದೆ ಹಿಡಿದದ್ದಿಲ್ಲ. ಒಂದು ದಿನ ಪೂರ್ತಿ ಮೈಗೆ ಮೆಷಿನ್ ಕಟ್ಟಿ ನೋಡಿದಾಗ ನಡುನಡುವೆ ಬಡಿತ ತಪ್ಪುವುದು ಕಂಡಿತು. ಎಟ್ರಿಯಲ್ ಫಿಬ್ರಿಲೇಷನ್. ಅದರಿಂದ ಸ್ಟ್ರೋಕ್ ಆಗಬಹುದು ಅಂತ ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಟ್ಟಿದ್ದಾರೆ. ಅಷ್ಟೇ. ಒಂದೇ ಅಮ್ಮನ ಮಕ್ಕಳು. ಚಿಕ್ಕಪ್ಪ 38ಕ್ಕೆ ಹೋದರು. ಅಪ್ಪ ನಿನ್ನೆ ತೆಂಗಿನಕಾಯಿ ಸುಲಿಯುತ್ತಾ ಕೂತಿದ್ದರು. ಇಷ್ಟು ದಿನ ಸತ್ತವರ ಕಥೆ ಮಾತ್ರ ಕೇಳುತ್ತಿದ್ದೆವು. ಮೇಷ್ಟ್ರೇ, ಅಪ್ಪನನ್ನೂ ಲೆಕ್ಕಕ್ಕೆ ಸೇರಿಸಬೇಕು ಅಂತ ಈಗ ಅರ್ಥ ಆಗುತ್ತಿದೆ.

ನನ್ನದು 9, ಸರಿ ಉಂಟು. ತಮ್ಮನಿಗೆ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ ಶುರು ಮಾಡಿದ್ದಾರೆ. ಮೆಟ್ಟಿಲು ಹತ್ತುವಾಗ ಎದೆ ಹಿಡಿಯುವುದು ನಿಂತಿದೆ. ಮಾತ್ರೆಯಲ್ಲಿ ಸರಿಯಾಗದಿದ್ದರೆ ಗೋಡೆಯ ದಪ್ಪ ಭಾಗ ಕತ್ತರಿಸಿ ತೆಗೆಯುವ ಆಪರೇಷನ್ ಉಂಟು, ಆ ಭಾಗಕ್ಕೆ ಆಲ್ಕೋಹಾಲ್ ಹಾಯಿಸಿ ಕರಗಿಸುವುದೂ ಉಂಟು ಅಂದರು. ಸದ್ಯಕ್ಕೆ ಬೇಡ. ಐಸಿಡಿ ಹಾಕುವುದು ಅಂತ ನಿರ್ಧಾರ ಆಗಿದೆ. ಬಿದ್ದದ್ದು ಒಂದು, ಚಿಕ್ಕಪ್ಪನದ್ದು ಒಂದು, ಎರಡು ಕಾರಣ. ಮುಂದಿನ ತಿಂಗಳು 8ಕ್ಕೆ ದಿನ ಕೊಟ್ಟಿದ್ದಾರೆ.

ಹುಡುಗಿಯ ಮನೆಗೆ ನಾನೇ ಹೋಗಿ ಎಲ್ಲ ಹೇಳಿದೆ. ಎಕೋ ರಿಪೋರ್ಟ್ ಮೇಜಿನ ಮೇಲೆ ಇಟ್ಟೆ. ಅವಳ ಅಮ್ಮ ಕಾಫಿ ಲೋಟ ಹಿಡಿದು ಸುಮ್ಮನೆ ಕೂತಿದ್ದರು. ಹುಡುಗಿ ಒಂದೇ ಪ್ರಶ್ನೆ ಕೇಳಿದಳು: ‘ಮಕ್ಕಳಾದರೆ ಅವರಿಗೂ ನೋಡಿಸಬೇಕಲ್ವಾ, ಯಾವ ವಯಸ್ಸಿನಿಂದ?’ ಡಾಕ್ಟರನ್ನು ಕೇಳಿ ಹೇಳುತ್ತೇನೆ ಅಂದೆ. ಅವರು ಇನ್ನೂ ಏನೂ ತಿಳಿಸಿಲ್ಲ.

ಅಪ್ಪನ ಕಡೆಯವರಿಗೆ ಫೋನ್ ಮಾಡುತ್ತಾ ಇದ್ದೇನೆ. ಇಬ್ಬರು ಅತ್ತೆಯಂದಿರು, ಅವರ ಐದು ಮಕ್ಕಳು. ಒಬ್ಬರು ಫೋನ್ ಇಟ್ಟೇ ಬಿಟ್ಟರು. ಮಗಳ ಮದುವೆ ನಿಂತುಹೋಗುತ್ತದೆ ಅನ್ನುವ ಹೆದರಿಕೆ ಅವರಿಗೆ. ನನಗೆ ಅರ್ಥ ಆಗುತ್ತದೆ. ನಾಳೆ ಮತ್ತೆ ಮಾಡುತ್ತೇನೆ. ಚಿಕ್ಕಪ್ಪನ ಮಗ ಮಾತ್ರ ಕೇಳಿದ ತಕ್ಷಣ ಒಪ್ಪಿದ. ಅಪ್ಪ ಹೋಗುವಾಗ ಅವನಿಗೆ ಎರಡು ವರ್ಷ. ‘ಹಾವು ಅಲ್ವಾ ಹಾಗಾದರೆ’ ಅಂತ ಮೂರು ಸಲ ಕೇಳಿದ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಅವನ ಎಕೋ. ನಾನೂ ಜೊತೆಗೆ ಹೋಗುತ್ತೇನೆ. ಬಂದ ಮೇಲೆ ಇಲ್ಲೇ ಬರೆಯುತ್ತೇನೆ.